ಸ್ಪೀಕರ್ ಮೂಕವಾದರೆ ಮೊದಲು ಅಡಾಪ್ಟರ್ ಪರೀಕ್ಷಿಸಿ

ದಾವಣಗೆರೆ: ಗಣಕಯಂತ್ರದ ಸ್ಪೀಕರ್ ಏಕಾಏಕಿ ಮೂಕವಾದರೆ ಬಹುತೇಕರು ಅದು ಕೆಟ್ಟಿತೆಂದೇ ತೀರ್ಮಾನಿಸಿ ಹೊಸದನ್ನು ಕೊಳ್ಳಲು ಮುಂದಾಗುತ್ತಾರೆ. ಆದರೆ ಅನೇಕ ಬಾರಿ ಕೆಟ್ಟಿರುವುದು ಅದಕ್ಕೆ ವಿದ್ಯುತ್ ಒದಗಿಸುವ ಅಡಾಪ್ಟರ್ ಮಾತ್ರ. ಸೂಕ್ತ ಬದಲಿ ದೊರೆತರೆ ಅದೇ ಸ್ಪೀಕರ್ ಮತ್ತೆ ದುಡಿಯುತ್ತದೆ. ತಪ್ಪು ಅಡಾಪ್ಟರ್ ಜೋಡಿಸಿದರೆ ಚೆನ್ನಾಗಿದ್ದ ಸ್ಪೀಕರ್ ಕೂಡ ಸುಟ್ಟುಹೋಗಬಹುದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕು ಕೇಂದ್ರಗಳಲ್ಲಿ ಹಳೆಯ ಸ್ಪೀಕರಿಗೆ ಕಂಪನಿಯದೇ ಅಡಾಪ್ಟರ್ ಸಿಗುವುದು ಕಷ್ಟ. ಆಗ ಮನೆಯಲ್ಲಿರುವ ಯಾವುದೋ ಅಡಾಪ್ಟರಿನ ಪಿನ್ ಕೂಡಿದರೆ ಸಾಕೆಂದು ಸಿಕ್ಕಿಸುವುದುಂಟು. ಅಪಾಯ ಇರುವುದು ಇಲ್ಲಿಯೇ.

ಚೀಟಿಯಲ್ಲಿದೆ ಉತ್ತರ

ಹಳೆಯ ಅಡಾಪ್ಟರ್ ಮೇಲಿನ ಚೀಟಿಯಲ್ಲಿ 'ಔಟ್‌ಪುಟ್' ಎಂಬ ಸಾಲನ್ನು ಓದಬೇಕು. ಮೊದಲನೆಯದು ವೋಲ್ಟ್, ಇದು 9 ಇದ್ದರೆ 9, 12 ಇದ್ದರೆ 12 ಆಗಿರಲೇಬೇಕು. ಎರಡನೆಯದು ಆಂಪಿಯರ್, ಇದು ಹಳೆಯದರಷ್ಟು ಅಥವಾ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಕೂಡದು. 1.5 ಆಂಪಿಯರ್ ಬೇಡುವ ಸ್ಪೀಕರಿಗೆ 2 ಆಂಪಿಯರಿನ ಅಡಾಪ್ಟರ್ ತೊಂದರೆ ಮಾಡದು. ಅರ್ಧ ಆಂಪಿಯರಿನದು ಮಾತ್ರ ಬಿಸಿಯಾಗಿ ಧ್ವನಿಯನ್ನು ಕೆಡಿಸುತ್ತದೆ.

ಮೂರನೆಯದು ಎಸಿಯೋ ಡಿಸಿಯೋ ಎಂಬುದು. ಹಳೆಯ ಸ್ಪೀಕರುಗಳಲ್ಲಿ ಕೆಲವಕ್ಕೆ ಅಡಾಪ್ಟರಿನಿಂದಲೂ ಎಸಿಯೇ ಬರುತ್ತದೆ. ಅಲೆಯಾಕಾರದ ಗೆರೆ ಎಸಿಯನ್ನೂ, ನೇರ ಗೆರೆ ಮತ್ತು ಅದರ ಕೆಳಗಿನ ತುಂಡು ಗೆರೆಗಳು ಡಿಸಿಯನ್ನೂ ಸೂಚಿಸುತ್ತವೆ. ಡಿಸಿ ಸ್ಪೀಕರಿಗೆ ಎಸಿ ಕೊಟ್ಟರೆ ಒಳಗಿನ ಬಿಡಿಭಾಗಗಳು ಹಾಳಾಗುತ್ತವೆ. ನಾಲ್ಕನೆಯದು ಡಿಸಿ ಪಿನ್ನಿನ ಧ್ರುವ. ಚಿತ್ರದಲ್ಲಿ ನಡುವಿನ ಚುಕ್ಕೆಗೆ '+' ಸೇರಿದ್ದರೆ ಪಿನ್ನಿನ ಒಳಭಾಗವೇ ಧನ ಧ್ರುವ. ಇದು ಅದಲುಬದಲಾಗಬಾರದು.

ಈ ನಾಲ್ಕೂ ತಾಳೆಯಾಗಿ ಪಿನ್ನಿನ ಅಳತೆಯೂ ಒಂದೇ ಆಗಿದ್ದರೆ ಮೂಲೆಗೆ ಸೇರಿದ ಹಳೆಯ ಮೋಡೆಮ್ ಅಥವಾ ರೂಟರಿನ ಅಡಾಪ್ಟರ್ ಕೂಡ ಉಪಯೋಗಕ್ಕೆ ಬರುತ್ತದೆ. ಜೋಡಿಸುವ ಮೊದಲು ಮಲ್ಟಿಮೀಟರಿನಲ್ಲಿ ಪರೀಕ್ಷಿಸುವುದು ಉತ್ತಮ.

ವೋಲ್ಟೇಜ್ ಏರಿಳಿತ

ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತಿನ ಮಟ್ಟ 230 ವೋಲ್ಟ್. ಮನೆ ಹಾಗೂ ಪಂಪ್‌ಸೆಟ್‌ಗಳಿಗೆ ಒಂದೇ ಮಾರ್ಗವಿರುವೆಡೆ ಇದು ಕುಸಿಯುವುದುಂಟು. ಟ್ರಾನ್ಸ್‌ಫಾರ್ಮರ್ ಉಳ್ಳ ಭಾರವಾದ ಹಳೆಯ ಮಾದರಿಯ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಔಟ್‌ಪುಟ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮನೆಯ ವಿದ್ಯುತ್ 170 ವೋಲ್ಟಿಗೆ ಇಳಿದರೆ 12 ವೋಲ್ಟಿನ ಜಾಗದಲ್ಲಿ ಸುಮಾರು 9 ವೋಲ್ಟ್ ಮಾತ್ರ ದೊರೆಯುತ್ತದೆ. ಸ್ಪೀಕರ್ ಗುಂಯ್‌ಗುಡಲು ಇದೂ ಒಂದು ಕಾರಣ. ಹಗುರವಾದ 'ಎಸ್‌ಎಂಪಿಎಸ್' ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಎಂದು ಬರೆದಿದ್ದರೆ ಇಂತಹ ಏರಿಳಿತದಲ್ಲೂ ಔಟ್‌ಪುಟ್ ಬದಲಾಗದು. ಡಿಸಿ ಸ್ಪೀಕರುಗಳಿಗೆ ಅದೇ ಸೂಕ್ತ.

ತಯಾರಿಸುವುದಾದರೆ

ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವರು 12 ವೋಲ್ಟ್, 1 ಆಂಪಿಯರ್‌ವರೆಗಿನ ಡಿಸಿ ಅಡಾಪ್ಟರನ್ನು ತಾವೇ ಕೂಡಿಸಬಹುದು. 15 ವೋಲ್ಟ್, 2 ಆಂಪಿಯರಿನ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, 2200 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್ ಮತ್ತು 7812 ರೆಗ್ಯುಲೇಟರ್ ಇದ್ದರೆ ಸಾಕು. ರೆಗ್ಯುಲೇಟರಿಗೆ ತನ್ನ ಔಟ್‌ಪುಟ್‌ಗಿಂತ 2-3 ವೋಲ್ಟ್ ಹೆಚ್ಚು ಬೇಕಿರುವುದರಿಂದ 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಅಗತ್ಯ. ರೆಗ್ಯುಲೇಟರಿಗೆ ಹೀಟ್‌ಸಿಂಕ್, 230 ವೋಲ್ಟಿನ ಬದಿಗೆ ಫ್ಯೂಸ್ ಹಾಗೂ ಎಲ್ಲಕ್ಕೂ ಮುಚ್ಚಿದ ಪೆಟ್ಟಿಗೆ ಕಡ್ಡಾಯ.

ಅಡಾಪ್ಟರ್ ಇಲ್ಲದೆ ನೇರವಾಗಿ ಪ್ಲಗ್ಗಿಗೆ ಸೇರುವ ವೂಫರ್ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೊಳಗೇ ಇರುತ್ತದೆ. ಅಲ್ಲಿ 230 ವೋಲ್ಟ್ ಹರಿಯುವುದರಿಂದ ಅದನ್ನು ತಂತ್ರಜ್ಞರ ಕೈಗೇ ಕೊಡಬೇಕು.

ಕೊಳ್ಳುವವರು ಅಡಾಪ್ಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ನೋಡಬೇಕು. 2012ರಲ್ಲಿ ಹೊರಬಿದ್ದ ಕಡ್ಡಾಯ ನೋಂದಣಿ ಆದೇಶದ ವ್ಯಾಪ್ತಿಗೆ ಅಡಾಪ್ಟರುಗಳನ್ನೂ ಆನಂತರ ಸೇರಿಸಲಾಗಿದೆ. ಅಂಗಡಿಗೆ ಹೋಗುವಾಗ ಹಳೆಯ ಅಡಾಪ್ಟರನ್ನು ಜೊತೆಗೆ ಒಯ್ದರೆ ಅರ್ಧ ಕೆಲಸ ಮುಗಿದಂತೆ.