ಬಿಚ್ಚದ ಕಟ್ಟು



ಪ್ರಯೋಗಾಲಯದಲ್ಲಿ ನೀವೆಲ್ಲ ಸರಳ ಲೋಲಕದ ಪ್ರಯೋಗ ಮಾಡಿರುತ್ತೀರಿ. ಒಬ್ಬ ವಿದ್ಯಾರ್ಥಿ ದಾರಕ್ಕೆ ಗುಂಡು ಕಟ್ಟಿ, ತೂಗಿಬಿಟ್ಟು, ಕಾಲ ಅಳೆಯುತ್ತಾನೆ. ಇನ್ನೊಬ್ಬ ಗೆಳೆಯನ ರೆಕಾರ್ಡ್ ಪುಸ್ತಕ ನೋಡಿ ಬರೆದುಕೊಳ್ಳುತ್ತಾನೆ. ಇಬ್ಬರ ಪುಟದಲ್ಲೂ ಅವೇ ಅಂಕಿಗಳು. ಆದರೆ ಲೋಲಕ ತಿಳಿದದ್ದು ಒಬ್ಬನಿಗೆ ಮಾತ್ರ.

ಧರ್ಮಗ್ರಂಥಗಳ ಓದಿನಲ್ಲೂ ಹೀಗೆ ಎರಡು ಬಗೆ ಇದೆ. ನಾನೂ ಶಾಲೆಯ ಪ್ರಾರ್ಥನೆಯಲ್ಲಿ ವರ್ಷಗಟ್ಟಲೆ ವಚನ ಒಪ್ಪಿಸಿದವನೇ. ಅದು ಏನು ಹೇಳುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿದಂತೆಯೇ ಆಯಿತಲ್ಲವೆ?

ಈ ವ್ಯತ್ಯಾಸದಿಂದ ಏನು ಕಳೆದುಹೋಗಬಹುದು ಎಂಬುದಕ್ಕೆ ವಿಜಯಪುರ ಜಿಲ್ಲೆಯಲ್ಲೇ ನಿದರ್ಶನವಿದೆ. 12ನೆಯ ಶತಮಾನದ ಶರಣರು ಜನರಾಡುವ ಕನ್ನಡದಲ್ಲಿ ವಚನಗಳನ್ನು ಹೇಳಿದರು. ಅವರಲ್ಲಿ ಬಾಗೇವಾಡಿಯ ಬಸವಣ್ಣನವರಿದ್ದರು, ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದ, ಆಯ್ದಕ್ಕಿ ಲಕ್ಕಮ್ಮನಿದ್ದಳು. ಆ ಮಾತುಗಳು ತಾಡವೋಲೆಗೆ ಇಳಿದು ಮಠಗಳಲ್ಲಿ, ಮನೆಗಳಲ್ಲಿ ಉಳಿದವು. ಕಾಲ ಕಳೆದಂತೆ ಅನೇಕ ಕಡೆ ಓಲೆಯ ಕಟ್ಟುಗಳು ಜಗಲಿ ಏರಿದವು. ಅವಕ್ಕೆ ವಿಭೂತಿ, ಹೂವು ತಪ್ಪಲಿಲ್ಲ. ಕಟ್ಟು ಬಿಚ್ಚುವವರು ಮಾತ್ರ ಕಡಿಮೆಯಾದರು.

ತಾಡವೋಲೆಯ ಬರಹವನ್ನು ಕಬ್ಬಿಣದ ಕಂಠದಿಂದ ಕೊರೆದು, ಗೆರೆಗಳಿಗೆ ಮಸಿ ತುಂಬುತ್ತಾರೆ. ಆಗಾಗ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಸವರಿದರೆ ಅದು ನೂರಾರು ವರ್ಷ ಬಾಳುತ್ತದೆ. ಹಾಗೇ ಬಿಟ್ಟರೆ ಒಣಗಿ ಮುರಿಯುತ್ತದೆ, ಹುಳು ಹಿಡಿಯುತ್ತದೆ. ತೇವ ತಗುಲಿದರೆ ಬೂಷ್ಟು ಬೆಳೆಯುತ್ತದೆ. ಓದದ ಗ್ರಂಥ ಸಾಯುತ್ತದೆ ಎಂಬುದು ಇಲ್ಲಿ ಬರಿಯ ಉಪಮೆಯಲ್ಲ.

ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಈ ಕಟ್ಟುಗಳನ್ನು ಹುಡುಕಿಕೊಂಡು ಊರೂರು ಅಲೆದರು. ಬಿಚ್ಚಿ ಓದಿದರು, ಪ್ರತಿಗಳನ್ನು ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. 1964ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಇದೇ ಧ್ಯಾಸ. ಪೂಜಿಸಿದವರನ್ನು ನಾವು ಹಳಿಯಬೇಕಾಗಿಲ್ಲ. ಅವರ ಭಕ್ತಿ ಓಲೆಗಳನ್ನು ಉಳಿಸಿತು. ಹಳಕಟ್ಟಿಯವರ ಓದು ಅವನ್ನು ಮಾತನಾಡಿಸಿತು.

ಹಾಗಾದರೆ ನಿತ್ಯಪಾಠ ಬೇಡವೆ? ಖಂಡಿತ ಬೇಕು. ಚಡಚಣದ ಹತ್ತಿರದ ಹಲಸಂಗಿಗೆ ಬನ್ನಿ. ಮಧುರಚೆನ್ನ, ಚಡಚಣದಲ್ಲೇ ಹುಟ್ಟಿದ ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ಅವು ‘ಗರತಿಯ ಹಾಡು’ ಎಂಬ ಸಂಕಲನವಾಗಿ ಬಂದವು. ಬೀಸುವುದಕ್ಕಿಂತ ದಿನಚರಿಯ ಕೆಲಸ ಬೇರೆ ಯಾವುದಿದೆ? ಆದರೂ ಬೀಸುಕಲ್ಲಿನ ಮುಂದೆ ಕೂತ ತಾಯಿ ತವರನ್ನು ನೆನೆದಳು, ದೇವರನ್ನು ಕರೆದಳು. ಕೆಲಸ ದಿನವೂ ಅದೇ, ಮನಸ್ಸು ಮಾತ್ರ ಅಲ್ಲಿಯೇ ಇತ್ತು. ಆದ್ದರಿಂದ ಕೊರತೆ ಇರುವುದು ದಿನಚರಿಯಲ್ಲಲ್ಲ, ಮನಸ್ಸು ಬೇರೆಡೆ ಇರುವುದರಲ್ಲಿ.

ನೀವೂ ಒಂದು ಪ್ರಯೋಗ ಮಾಡಿ. ನಿಮ್ಮ ಮನೆಯ ಗ್ರಂಥ ಯಾವುದೇ ಇರಲಿ, ವಚನವೋ ಗೀತೆಯೋ ಕುರಾನೋ ಬೈಬಲೋ, ದಿನಕ್ಕೆ ನಾಲ್ಕೇ ಸಾಲು ಗಟ್ಟಿಯಾಗಿ ಓದಿ. ತಿಳಿಯದ ಪದವನ್ನು ಹಿರಿಯರಲ್ಲಿ ಕೇಳಿ. ಪುಸ್ತಕ ಮುಚ್ಚಿ, ಅದೇ ಮಾತನ್ನು ನಿಮ್ಮೂರಿನ ಮಾತಿನಲ್ಲಿ ಹೇಳಿನೋಡಿ. ಒಪ್ಪಿಗೆಯಾಗದಿದ್ದರೆ ಪ್ರಶ್ನೆಯನ್ನು ಬರೆದಿಡಿ. ಕೊನೆಗೆ, ‘ಈ ಮಾತು ಇಂದು ನನಗೇ ಹೇಳಿದ್ದಾದರೆ ನಾಳೆ ನಾನೇನು ಬದಲಿಸಬೇಕು?’ ಎಂದು ಕೇಳಿಕೊಳ್ಳಿ. ಓದು ಚುಚ್ಚುವುದು ಇಲ್ಲಿಯೇ, ಹೃದಯ ಸೇರುವುದೂ ಇಲ್ಲಿಯೇ.

ಈಗ ವಚನಗಳು ಮೊಬೈಲಿನಲ್ಲೂ ಸಿಗುತ್ತವೆ. ಬೆಳಿಗ್ಗೆ ಬಂದದ್ದನ್ನು ಓದದೆ ಹತ್ತು ಜನಕ್ಕೆ ಕಳುಹಿಸಿದರೆ ಅದೂ ಬಿಚ್ಚದ ಕಟ್ಟೇ. ಅಂಥದೊಂದು ಕಟ್ಟು ನಿಮ್ಮ ಮನೆಯಲ್ಲೂ ಇರಬಹುದು. ಇಂದು ಸಂಜೆ ಅದನ್ನು ಬಿಚ್ಚಿ ನೋಡುತ್ತೀರಲ್ಲವೆ?