ಒಂದು ಸಬ್ಜೆಕ್ಟ್ ಉಳಿದಾಗ

ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ ಬ್ಯಾಕ್ ಉಳಿಯಿತು ಎಂದಿಟ್ಟುಕೊಳ್ಳಿ. ಮಾರನೇ ದಿನ ಕ್ಲಾಸಿಗೆ ಹೋಗಲು ಮುಜುಗರ. ಹೋಗದೆ ಹಾಸ್ಟೆಲ್ ರೂಮಿನಲ್ಲೇ ಉಳಿದರೆ ಎದೆ ಹಗುರ. ಎಡವಟ್ಟಾಗುವುದು ಇಲ್ಲೇ. ತಪ್ಪಿಸಿಕೊಂಡಾಗ ಸಿಕ್ಕ ನೆಮ್ಮದಿಯನ್ನು ಮಿದುಳು ಬಹುಮಾನವೆಂದು ನೆನಪಿಟ್ಟುಕೊಂಡು, ನಾಳೆಯೂ ಹೀಗೇ ಮಾಡು ಎನ್ನುತ್ತದೆ. ವಾರ ಕಳೆಯುವಷ್ಟರಲ್ಲಿ ನೋಟ್ಸ್ ಬಾಕಿ, ಅಟೆಂಡೆನ್ಸ್ ಕಡಿಮೆ, ಮನೆಯಿಂದ ಫೋನ್ ಬಂದರೆ ಎತ್ತಲು ಹೆದರಿಕೆ. ಒಂದು ಭಯ ನಾಲ್ಕು ಮರಿ ಹಾಕಿತು. ಆತಂಕ ಬೆಳೆಯುವುದು ಬಹುಪಾಲು ಹೀಗೆಯೇ.

"ಧೈರ್ಯವಾಗಿರಪ್ಪಾ" ಎನ್ನುವವರು ಬೇಕಾದಷ್ಟು ಮಂದಿ. ಹೇಗೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಹುಮ್ಮಸ್ಸು ಬಂದಮೇಲೆ ಓದೋಣ ಎಂದು ಕಾಯುತ್ತ ಕೂತರೆ ಅದು ಬರುವುದಿಲ್ಲ. ಕೆಲಸ ಶುರುವಾದ ಮೇಲೆ ಹಿಂದಿನಿಂದ ಬರುತ್ತದೆ. ಹುಮ್ಮಸ್ಸಿಗೆ ಕಾಯದೆ ಶುರುಮಾಡುವ ಈ ಉಪಾಯ ಖಿನ್ನತೆಯ ಚಿಕಿತ್ಸೆಯಲ್ಲೂ ಬಳಕೆಯಲ್ಲಿದೆ. ಆದ್ದರಿಂದ ತೀರಾ ಸಣ್ಣದನ್ನು ಆರಿಸಿಕೊಳ್ಳಿ: ಇವತ್ತು ಒಂದೇ ಲೆಕ್ಕ, ಅಥವಾ ಕೊನೇ ಬೆಂಚಿನಲ್ಲಾದರೂ ಕೂತು ಬರುವುದು. ನಿದ್ದೆಗೆಟ್ಟು ಓದುವುದು ನಷ್ಟದ ಬಾಬತ್ತು. ಓದಿದ್ದು ನೆನಪಿನಲ್ಲಿ ಕೂರುವುದು ನಿದ್ದೆಯಲ್ಲೇ.

ಎರಡು ವಾರ ಕಳೆದರೂ ನಿದ್ದೆ, ಹಸಿವು ಕೆಟ್ಟೇ ಇದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಸ್ವಂತ ಪ್ರಯತ್ನ ಸಾಲದು. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

14416 ಎಂಬ ಸಂಖ್ಯೆ ಫೋನಿನಲ್ಲಿರಲಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಇದರ ಉಸ್ತುವಾರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು ಮುಖ್ಯ ಪಾತ್ರ. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಿಲ್ಲ. ಕನ್ನಡ ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಫೋನ್ ಮಾಡಲು ಕಾಯಿಲೆಯೇ ಇರಬೇಕೆಂದಿಲ್ಲ, ಪರೀಕ್ಷೆಯ ಭಯವೂ ಸಾಕು. ಮನೆಗೆ ಗೊತ್ತಾಗುತ್ತದೆಂಬ ಅಳುಕು ಸಹಜ. ಆದರೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗಿನಂಥ ಕೆಲವು ಸಂದರ್ಭಗಳಷ್ಟೇ ಇದಕ್ಕೆ ಹೊರತು.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ನಿಮ್ಮ ಕಾಲೇಜಿನಲ್ಲಿ ಅವರು ಕೂರುವ ಕೊಠಡಿ ಯಾವುದೆಂದು ಆಫೀಸಿನಲ್ಲಿ ವಿಚಾರಿಸಿ. ಬೋರ್ಡಿನಲ್ಲಿ ಹೆಸರಷ್ಟೇ ಇದ್ದರೆ ಮತ್ತೆ ಮತ್ತೆ ವಿಚಾರಿಸಿ.

ಗೆಳೆಯನಿಗೆ ಸಾಯುವ ಯೋಚನೆ ಬಂದಿರಬಹುದೆಂಬ ಅನುಮಾನವಿದ್ದರೆ ನೇರವಾಗಿಯೇ ಕೇಳಬಹುದು. ಕೇಳಿದ ಮಾತ್ರಕ್ಕೆ ಸಾಯುವ ಯೋಚನೆ ಹುಟ್ಟುವುದಿಲ್ಲ. ಪಕ್ಕದ ರೂಮಿನವನು ಮೂರು ದಿನದಿಂದ ಮೆಸ್ಸಿಗೆ ಬಂದಿಲ್ಲವೇ? ಬಾಗಿಲು ತಟ್ಟಿ, ಊಟಕ್ಕೆ ಕರೆದುಕೊಂಡು ಹೋಗಿ.