ಮಾಲು ಹಿಡಿದಾಯ್ತು, ಮನಸ್ಸು ಹಿಡಿಯೋರು ಯಾರು?

2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿನ ರಿಂಗ್ ರಸ್ತೆವರೆಗೂ ಬಂದು ಕೋಟಿಗಟ್ಟಲೆ ಬೆಲೆಯ ಎಂಡಿ ಎಂಬ ಮಾದಕ ಪುಡಿ ಹಿಡಿದರು. ಕಾಲೇಜು, ಕಾರ್ಖಾನೆ, ಕೋರ್ಟು ಅಂತ ದಿನಾ ಬಸ್ಸು ಹತ್ತೋ ನಂಜನಗೂಡು, ತಿ. ನರಸೀಪುರದ ಜನಕ್ಕೆ ಮೈಸೂರೇನು ಪರದೇಶವೇ? ಅಲ್ಲಿಗೆ ಬಂದದ್ದು ಇಲ್ಲಿಗೆ ಬರೋದಿಲ್ಲ ಅನ್ನೋ ಧೈರ್ಯ ಯಾರಿಗೂ ಬೇಡ.

ಹಿಡಿಯೋದು ಪೊಲೀಸರ ಕೆಲಸ, ಹಿಡಿಯಲಿ. ಆದರೆ ಗಿರಾಕಿ ಇರೋತನಕ ಸರಕು ಎಲ್ಲಿಂದಲಾದರೂ ಬರುತ್ತೆ ಎಂಬುದು ಪೇಟೆಬೀದಿಯ ಯಾವ ಅಂಗಡಿಯವರಿಗೂ ಗೊತ್ತು. ಗಿರಾಕಿಯನ್ನೇ ಕಮ್ಮಿ ಮಾಡೋದು ಹೇಗೆ ಅನ್ನೋದೇ ಪ್ರಶ್ನೆ.

ಪ್ರತಿ ವರ್ಷ ಜೂನ್ 26 ಬಂತೆಂದರೆ ಜಾಥಾ, ತಲೆಬುರುಡೆ ಚಿತ್ರ, ಘೋಷಣೆ. ಹೆದರಿಸಿದರೆ ಬಿಡ್ತಾರೆ ಅನ್ನೋ ಲೆಕ್ಕ. ಅಮೆರಿಕದವರು 1983ರಲ್ಲಿ ಲಾಸ್ ಏಂಜಲೀಸ್‌ನಿಂದ ಶುರುಮಾಡಿ ಶಾಲೆಶಾಲೆಗೆ ಪೊಲೀಸರನ್ನು ಕಳಿಸಿ ಪಾಠ ಹೇಳಿಸಿದರು. ಆಮೇಲೆ ಪರೀಕ್ಷಿಸಿದರೆ ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳೋ ವ್ಯತ್ಯಾಸವೇ ಇರಲಿಲ್ಲ! ಅದೇ ದೇಶದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡುಕರ ನಡುವೆ ಕೆಲಸ ಮಾಡಿ ಬೇರೆಯೇ ಒಂದು ಸಂಗತಿ ಕಂಡರು. ಬುದ್ಧಿ ಹೇಳುವವನು ಎಷ್ಟು ವಾದಕ್ಕೆ ನಿಲ್ಲುತ್ತಾನೋ ಎದುರಿನವನು ಅಷ್ಟೇ ಹೆಚ್ಚು ಕುಡಿಯುತ್ತಾನೆ. ಬಿಡುವ ಮಾತು ಅವನ ಬಾಯಿಂದಲೇ ಹೊರಡಬೇಕು.

ಇದು ಕನ್ನಡನಾಡಿಗೆ ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1970ರ ದಶಕದಲ್ಲೇ ಜೋಳಿಗೆ ಹಿಡಿದು ಊರೂರು ತಿರುಗಿದರು. ಕೇಳಿದ್ದು ದುಡ್ಡಲ್ಲ, ದವಸವಲ್ಲ. ನಿಮ್ಮ ಚಟವನ್ನು ಭಿಕ್ಷೆ ಹಾಕಿ ಎಂದರು. ಬೈಗುಳವಿಲ್ಲ, ಶಾಪವಿಲ್ಲ. ಹಾಕುವವನೇ ಮನಸ್ಸು ಮಾಡಿ, ಹತ್ತು ಜನರೆದುರು ಹಾಕಬೇಕು. ಸ್ವಾಮಿಗಳು 2018ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತೆ. ಬ್ಯಾನರ್ ಕಟ್ಟೋದರಲ್ಲಿ ಜೋಳಿಗೆಯ ಗುಟ್ಟು ಮರೆತರೆ ಮಾತ್ರ ಏನೂ ಬರೋಲ್ಲ.

ನಂಜುಂಡನೇ ವಿಷ ಕುಡಿದಿದ್ದಾನಲ್ಲ, ನಮ್ಮದೇನು ಅಂತ ಕುಚೋದ್ಯ ಮಾಡೋ ಹುಡುಗರೂ ಉಂಟು. ಅವನು ಅದನ್ನು ಗಂಟಲಲ್ಲೇ ತಡೆದ, ಹೊಟ್ಟೆಗೆ ಇಳಿಸಲಿಲ್ಲ ಅಂತ ನಗುತ್ತಾ ಹೇಳಿದರೆ ಸಾಕು, ಜಗಳ ಬೇಡ. ಚಟ ಹಿಡಿದವನ ಮನಸ್ಸು ತಕ್ಕಡಿ ಇದ್ದ ಹಾಗೆ. ಬಿಡಬೇಕು, ಬೇಡ ಎಂದು ತೂಗುತ್ತಲೇ ಇರುತ್ತೆ. ತಿರುಮಕೂಡಲಿನ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಈ ಕ್ಷೇತ್ರ ಅಷ್ಟೇ ಹೆಚ್ಚು ತೂಕ ಅಂತ ಪ್ರತೀತಿ. ಇಲ್ಲೂ ಬೇಕಿರೋದು ಆ ಒಂದು ಗುಲಗಂಜಿ ತೂಕವೇ.

ಮನೆಯವರು ಬಾಯಿ ಬಿಡದಿರೋದಕ್ಕೆ ಇನ್ನೊಂದು ಕಾರಣ ಪೊಲೀಸ್ ಕೇಸಿನ ಭಯ. 1985ರ ಮಾದಕವಸ್ತು ಕಾಯ್ದೆಯಲ್ಲೇ 64ಎ ಅಂತ ಒಂದು ಕಲಮು ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಆ ಕೇಸು ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಿಯಾಯಿತಿ ಹೋಗಬಹುದು. ಇದನ್ನು ತಿಳಿಸೋ ಬೋರ್ಡು ಬಸ್‌ಸ್ಟ್ಯಾಂಡಿನಲ್ಲಿ ತಲೆಬುರುಡೆಗಿಂತ ಹೆಚ್ಚು ಕೆಲಸ ಮಾಡೀತು. ಸಲಹೆಗೆ ಕೇಂದ್ರ ಸರ್ಕಾರದ 14446ಕ್ಕೆ ಪುಕ್ಕಟೆ ಫೋನ್ ಮಾಡಬಹುದು.

ಕೊನೆಗೆ ಅಂಗಡಿಯವರ ಪಾಲು. 2019ರ ಕೇಂದ್ರ ಸಮೀಕ್ಷೆ ಪ್ರಕಾರ, ದೊಡ್ಡವರಿಗಿಂತ ಮಕ್ಕಳಲ್ಲೇ ಶೇಕಡಾವಾರು ಹೆಚ್ಚಿರೋ ನಶೆ ಒಂದೇ ಒಂದು, ಮೂಸಿ ನೋಡೋದು: ಮಕ್ಕಳಲ್ಲಿ ಶೇ. 1.17, ದೊಡ್ಡವರಲ್ಲಿ 0.58. ಪಂಕ್ಚರ್ ಸಲ್ಯೂಷನ್ನು ಕಳ್ಳಮಾಲಲ್ಲ, ಗಲ್ಲಾದ ಪಕ್ಕದಲ್ಲೇ ಇರುತ್ತೆ. ಒಂದೇ ವಾರದಲ್ಲಿ ಮೂರನೇ ಟ್ಯೂಬಿಗೆ ಬಂದ ಹುಡುಗನನ್ನು ಗದರಿಸಿ ಓಡಿಸಿದರೆ ಅವನು ಮುಂದಿನ ಅಂಗಡಿಗೆ ಹೋಗ್ತಾನೆ. "ಯಾವ ಸೈಕಲ್ಲಪ್ಪಾ, ಇಷ್ಟೊಂದು ಪಂಕ್ಚರ್ರು? ತಗೊಂಡು ಬಾ ನೋಡೋಣ" ಅಂದರೆ ನಿಂತು ಉತ್ತರ ಹುಡುಕಬೇಕಾಗುತ್ತೆ.